ಹಳೆಯ ಗೋಪುರದ ನಾಡಿ ಹಿಡಿಯುವ ಪುಟ್ಟ ಪೆಟ್ಟಿಗೆಗಳು

ಮಳೆಗಾಲ ಬಂತೆಂದರೆ ಹಳೆಯ ಮನೆಯ ಮರದ ಬಾಗಿಲು ಬಿಗಿಯಾಗುತ್ತದೆ. ತೆಗೆಯಲು ಜೋರಾಗಿ ಎಳೆಯಬೇಕು, ಹಾಕಲು ಭುಜ ಕೊಟ್ಟು ತಳ್ಳಬೇಕು. ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ಆಡುತ್ತದೆ, ಚೌಕಟ್ಟಿನ ಪಕ್ಕದಲ್ಲಿ ಬೆಳಕು ತೂರುವಷ್ಟು ಸಂದು ಕೂಡ ಬಿಡುತ್ತದೆ. ಮರ ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ ಎನ್ನುವುದು ನಮಗೆಲ್ಲ ಗೊತ್ತು. ಆದರೆ ಕಲ್ಲು, ಇಟ್ಟಿಗೆ, ಗಾರೆಯ ಗೋಡೆಗಳೂ ಹೀಗೆ ಹಿಗ್ಗಿ ಕುಗ್ಗುತ್ತಿರುತ್ತವೆ ಎನ್ನುವುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಕಾರಣ ಸರಳ: ಅವುಗಳ ಚಲನೆ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಇಟ್ಟಿಗೆಯ ಗೋಡೆ ಒಂದು ಡಿಗ್ರಿ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 6 ಭಾಗದಷ್ಟು ಹಿಗ್ಗುತ್ತದೆ. 20 ಮೀಟರ್ ಉದ್ದದ ಗೋಡೆ ಚಳಿಗಾಲದಿಂದ ಬೇಸಿಗೆಗೆ 20 ಡಿಗ್ರಿ ಬಿಸಿಯಾಯಿತು ಎಂದುಕೊಂಡರೆ, ಅದು ಹಿಗ್ಗುವುದು 2.4 ಮಿಲಿಮೀಟರ್. ಗೋಡೆಯಲ್ಲಿ ಒಂದು ಬಿರುಕು ಇದ್ದರೆ ಈ ಹಿಗ್ಗುವಿಕೆಗೆಲ್ಲ ಅದೇ ಜಾಗ ಕೊಡುತ್ತದೆ. ಹಾಗಾಗಿ ಬಿರುಕು ಬಿಸಿಲಲ್ಲಿ ಮುಚ್ಚಿಕೊಳ್ಳುತ್ತದೆ, ಚಳಿಯಲ್ಲಿ ತೆರೆದುಕೊಳ್ಳುತ್ತದೆ. ಪ್ರತಿದಿನ ಸ್ವಲ್ಪ, ಪ್ರತಿವರ್ಷ ಇನ್ನೂ ಸ್ವಲ್ಪ ಹೆಚ್ಚು. ಒಂದರ್ಥದಲ್ಲಿ ಕಟ್ಟಡ ಉಸಿರಾಡುತ್ತಿರುತ್ತದೆ.

ಶತಮಾನಗಳಷ್ಟು ಹಳೆಯ ಗುಡಿ, ಗೋಪುರ, ಅರಮನೆಗಳನ್ನು ಕಾಯುವವರ ಮುಂದಿರುವ ಕಷ್ಟವೂ ಇದೇ. ಬಿರುಕು ಕಂಡ ಕೂಡಲೇ ಗಾಬರಿಪಡಬೇಕೆ, ಅಥವಾ ಇದು ದಿನನಿತ್ಯದ ಉಸಿರಾಟ ಎಂದು ಸುಮ್ಮನಿರಬೇಕೆ? ಒಂದು ಸಲ ನೋಡಿ ಹೇಳಲು ಯಾರಿಂದಲೂ ಆಗದು. ಅದಕ್ಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಳೆಯಬೇಕು. ಆ ಅಳತೆಯ ಕೆಲಸವನ್ನು ಈಗ ಅಂಗೈಯಷ್ಟು ಪೆಟ್ಟಿಗೆಗಳು ಮಾಡುತ್ತಿವೆ. ಅವುಗಳಿಗೆ ತಂತಿಯ ಹಂಗಿಲ್ಲ.

ಒಂದು ಬೆಳಿಗ್ಗೆ ಇಲ್ಲವಾದ ಗೋಪುರ

ಇಟಲಿಯ ಉತ್ತರ ಭಾಗದಲ್ಲಿ ಪಾವಿಯಾ ಎಂಬ ಹಳೆಯ ಊರಿದೆ. ಅಲ್ಲಿನ ದೊಡ್ಡ ಚರ್ಚಿನ ಪಕ್ಕದಲ್ಲಿ ಇಟ್ಟಿಗೆಯ ಎತ್ತರದ ಗೋಪುರವೊಂದಿತ್ತು. ಅದರ ಕೆಲಸ ಶುರುವಾದದ್ದು 11ನೇ ಶತಮಾನದಲ್ಲಿ. 16ನೇ ಶತಮಾನದ ಕೊನೆಗೆ ಅದರ ನೆತ್ತಿಯ ಮೇಲೆ ಭಾರವಾದ ಗಂಟೆಯ ಮಂಟಪವನ್ನು ಕಟ್ಟಿದರು. ಆಮೇಲೂ ಗೋಪುರ ನಾಲ್ಕು ಶತಮಾನ ನಿಂತಿತ್ತು. 1989ರ ಮಾರ್ಚ್ 17ರ ಬೆಳಿಗ್ಗೆ ಅದು ಇದ್ದಕ್ಕಿದ್ದಂತೆ ಕುಸಿದುಬಿತ್ತು. ನಾಲ್ವರು ಸತ್ತರು. ಅಂದು ಭೂಕಂಪ ಆಗಿರಲಿಲ್ಲ, ಬಿರುಗಾಳಿಯೂ ಬೀಸಿರಲಿಲ್ಲ.

ಮಿಲಾನಿನ ಸಂಶೋಧಕರು ಅವಶೇಷಗಳ ತುಂಡುಗಳನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದರು. ಆಗ ಹೊಳೆದ ಕಾರಣ, ದೀರ್ಘಕಾಲದ ಭಾರ. ಪುಸ್ತಕಗಳಿಂದ ತುಂಬಿದ ಮರದ ಹಲಗೆಯನ್ನು ನೆನೆಸಿಕೊಳ್ಳಿ. ಪುಸ್ತಕಗಳ ಸಂಖ್ಯೆ ಹೆಚ್ಚದಿದ್ದರೂ ವರ್ಷಗಳು ಕಳೆದಂತೆ ಹಲಗೆ ನಡುವಿನಲ್ಲಿ ಬಾಗುತ್ತಾ ಹೋಗುತ್ತದೆ. ಭಾರ ಬದಲಾಗಿಲ್ಲ, ಕಾಲ ಮಾತ್ರ ಸರಿದಿದೆ. ಗಾರೆ ಮತ್ತು ಇಟ್ಟಿಗೆಯ ಗೋಡೆಯೂ ಹೆಚ್ಚಿನ ಭಾರದ ಅಡಿಯಲ್ಲಿ ಹೀಗೆಯೇ ನಿಧಾನವಾಗಿ ಸೋಲುತ್ತದೆ. ಒಳಗೊಳಗೇ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ, ಉದ್ದವಾಗುತ್ತವೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಹಳ ಕಾಲ ಈ ಬದಲಾವಣೆ ಒಂದೇ ನಿಧಾನಗತಿಯಲ್ಲಿ ಸಾಗುತ್ತದೆ. ಕೊನೆಯ ಹಂತದಲ್ಲಿ ಮಾತ್ರ ವೇಗ ಹೆಚ್ಚುತ್ತದೆ. ಆಗ ಉಳಿಯುವ ಸಮಯ ಕಡಿಮೆ.

ನಮಗೆ ಹತ್ತಿರದ ಉದಾಹರಣೆಯೂ ಇದೆ. ವಿಜಯನಗರದ ಕೃಷ್ಣದೇವರಾಯ 1516ರಲ್ಲಿ ಕಟ್ಟಿಸಿದ ಶ್ರೀಕಾಳಹಸ್ತಿಯ ರಾಜಗೋಪುರ 2010ರ ಮೇ 26ರಂದು ಕುಸಿಯಿತು. ಬೀಳುವ ಮುನ್ನ ಅದರ ಮೈಮೇಲಿನ ಬಿರುಕುಗಳು ಜನರ ಕಣ್ಣಿಗೆ ಬಿದ್ದಿದ್ದವು. ಇಂದು ಅಲ್ಲಿರುವುದು ಹೊಸದಾಗಿ ಕಟ್ಟಿದ ಗೋಪುರ.

‘ಹಿಂದಿನವರು ಕಟ್ಟಿದ್ದು ಗಟ್ಟಿ, ಇಷ್ಟು ವರ್ಷ ನಿಂತದ್ದು ಇನ್ನು ಬೀಳುತ್ತದೆಯೇ’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ಅರ್ಧ ಸತ್ಯ. ಗಟ್ಟಿಯಾಗಿ ಕಟ್ಟಿದವು ಉಳಿದಿವೆ ಎನ್ನುವುದು ನಿಜ. ಆದರೆ 500 ವರ್ಷ ನಿಂತಿತು ಎಂಬುದು ಇನ್ನೊಂದು ವರ್ಷ ನಿಲ್ಲುತ್ತದೆ ಎಂಬುದಕ್ಕೆ ಖಾತರಿಯಲ್ಲ. ಪಾವಿಯಾದಲ್ಲಿ ಗೋಪುರವನ್ನು ಸೋಲಿಸಿದ್ದು ಅದರ ದೀರ್ಘಾಯುಷ್ಯವೇ.

ಅಳೆಯುತ್ತಿದ್ದುದರಿಂದ ಉಳಿದದ್ದು

ಪಾವಿಯಾ ದುರಂತದ ನಂತರ ಇಟಲಿಯಲ್ಲಿ ಎಲ್ಲರ ಕಣ್ಣು ತಿರುಗಿದ್ದು ಪೀಸಾದ ವಾಲುಗೋಪುರದ ಕಡೆಗೆ. 1990ರ ಜನವರಿಯಲ್ಲಿ ಅದನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಆದರೆ ಪೀಸಾದ ವಿಷಯದಲ್ಲಿ ತಜ್ಞರ ಕೈಯಲ್ಲಿ ಒಂದು ದೊಡ್ಡ ಆಸ್ತಿ ಇತ್ತು: 1911ರಿಂದ ಕ್ರಮವಾಗಿ ದಾಖಲಾದ ವಾಲಿಕೆಯ ಅಳತೆ. ಗೋಪುರದ ತುದಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿಯುತ್ತಿದೆ, ಆ ವೇಗವೂ ಏರುತ್ತಿದೆ ಎಂದು ತಿಳಿದದ್ದು ಈ ದಾಖಲೆಯಿಂದಲೇ.

ದುರಸ್ತಿಯ ನಡುವೆ ಈ ಅಳತೆ ಗೋಪುರವನ್ನು ಒಮ್ಮೆ ಕಾಪಾಡಿತು ಎನ್ನಬಹುದು. 1995ರಲ್ಲಿ ತಳದ ನೆಲವನ್ನು ಹೆಪ್ಪುಗಟ್ಟಿಸಿ ಕೆಲಸ ಮಾಡುತ್ತಿದ್ದಾಗ, ಸೆಪ್ಟೆಂಬರಿನ ಒಂದು ರಾತ್ರಿ ಗೋಪುರ ಮಾಮೂಲಿಗಿಂತ ಎಷ್ಟೋ ಪಟ್ಟು ವೇಗವಾಗಿ ದಕ್ಷಿಣಕ್ಕೆ ವಾಲತೊಡಗಿತು. ಕಣ್ಣಿಗೆ ಇದು ಕಾಣುವಂಥದ್ದಲ್ಲ, ಉಪಕರಣಗಳಿಗೆ ಕಂಡಿತು. ಕೆಲಸ ನಿಲ್ಲಿಸಿ, ಎದುರು ಬದಿಗೆ ಸೀಸದ ತೂಕ ಏರಿಸಿ ಅದನ್ನು ತಡೆದರು. ಮುಂದೆ ಉತ್ತರ ಬದಿಯ ಅಡಿಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ವಾಲಿಕೆಯನ್ನು ಅರ್ಧ ಡಿಗ್ರಿಯಷ್ಟು ತಗ್ಗಿಸಿದರು. 2001ರ ಡಿಸೆಂಬರಿನಲ್ಲಿ ಗೋಪುರ ಮತ್ತೆ ತೆರೆಯಿತು.

ಹಾಗಾದರೆ ಎಲ್ಲ ಹಳೆಯ ಕಟ್ಟಡಗಳಿಗೂ ಹೀಗೆ ಉಪಕರಣ ಹಾಕಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಅಲ್ಲೇ ಇರುವುದು ತೊಡಕು.

ತಂತಿಯ ತಾಪತ್ರಯ

ಬಿರುಕು ಅಳೆಯುವ ಹಳೆಯ ಉಪಾಯಗಳು ನಿಮಗೂ ಪರಿಚಿತ ಇರಬಹುದು. ಮೇಸ್ತ್ರಿ ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯುತ್ತಾರೆ. ಆರು ತಿಂಗಳ ನಂತರ ಬಿರುಕು ಗೆರೆಯನ್ನು ದಾಟಿದ್ದರೆ ಅದು ಬೆಳೆಯುತ್ತಿದೆ ಎಂದರ್ಥ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸುವುದು ಇನ್ನೊಂದು ಉಪಾಯ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಎರಡೂ ಅಗ್ಗ, ಎರಡೂ ಉಪಯುಕ್ತ. ಆದರೆ ಗಾಜು ಒಡೆದದ್ದು ಯಾವತ್ತು, ಎಷ್ಟು ಹೊತ್ತಿಗೆ, ಚಳಿಗೋ ಕುಸಿತಕ್ಕೋ ಎಂಬುದು ಗೊತ್ತಾಗುವುದಿಲ್ಲ. ನಡುವೆ ಏನಾಯಿತು ಎಂಬ ಕತೆ ಕಳೆದುಹೋಗಿರುತ್ತದೆ.

ಎಡೆಬಿಡದೆ ಅಳೆಯಬೇಕಾದರೆ ವಿದ್ಯುತ್ ಉಪಕರಣ ಬೇಕು. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟ ಇದಕ್ಕೆ ಹೆಸರಾದ ಉದಾಹರಣೆ. ಬ್ರುನೆಲೆಸ್ಕಿ ಕಟ್ಟಿದ, 1436ರಲ್ಲಿ ಪೂರ್ಣಗೊಂಡ ಆ ಗುಮ್ಮಟದಲ್ಲಿ ಬಿರುಕುಗಳಿವೆ. 1980ರ ದಶಕದ ಕೊನೆಗೆ ಅಲ್ಲಿ 150ಕ್ಕೂ ಹೆಚ್ಚು ಉಪಕರಣಗಳನ್ನು ಹಾಕಿ, ಋತುಮಾನಕ್ಕೆ ತಕ್ಕಂತೆ ಬಿರುಕುಗಳು ತೆರೆದು ಮುಚ್ಚುವುದನ್ನು ದಾಖಲಿಸುತ್ತಾ ಬಂದಿದ್ದಾರೆ. ಆದರೆ ಅಷ್ಟು ಉಪಕರಣಗಳಿಗೂ ವಿದ್ಯುತ್ ಕೊಡಲು, ಅಂಕಿಅಂಶ ತರಲು ತಂತಿ ಎಳೆಯಬೇಕು.

ಚಿತ್ರಗಳಿರುವ ಗೋಡೆಯ ಮೇಲೆ ತಂತಿ ಎಳೆಯುವುದು ಹೇಗೆ? ಮೊಳೆ ಹೊಡೆಯಬಾರದು, ರಂಧ್ರ ಕೊರೆಯಬಾರದು, ಪ್ಲಾಸ್ಟಿಕ್ ಪಟ್ಟಿ ಓಡಿಸಿದರೆ ಅಂದ ಕೆಡುತ್ತದೆ. ಎತ್ತರದ ಗೋಪುರದಲ್ಲಿ ತಂತಿ ಎಂದರೆ ಸಿಡಿಲನ್ನು ಒಳಕ್ಕೆ ಕರೆಯುವ ದಾರಿಯೂ ಹೌದು. ಪುರಾತನ ಕಟ್ಟಡಗಳ ಸಂರಕ್ಷಣೆಯಲ್ಲಿ ಒಂದು ಮುಖ್ಯ ನಿಯಮವಿದೆ: ಇಂದು ನಾವು ಸೇರಿಸಿದ್ದನ್ನು ನಾಳೆ ಗುರುತೇ ಉಳಿಯದಂತೆ ತೆಗೆಯಲು ಸಾಧ್ಯವಿರಬೇಕು. ನೂರಾರು ಮೀಟರ್ ತಂತಿಗೆ ಈ ನಿಯಮ ಪಾಲಿಸುವುದು ಕಷ್ಟ, ಒಂದು ಪುಟ್ಟ ಪೆಟ್ಟಿಗೆಗೆ ಸುಲಭ.

ಹನ್ನೆರಡು ತಿಂಗಳ ಚಿತ್ರಗಳ ಕೋಣೆ

ಇಟಲಿಯ ಟ್ರೆಂಟೊ ನಗರದಲ್ಲಿ ಬುವೊನ್‌ಕೊನ್ಸಿಲ್ಯೊ ಎಂಬ ಕೋಟೆಯಿದೆ. ಅದರ ಒಂದು ಮೂಲೆಯಲ್ಲಿ, ಹಳೆಯ ನಗರದ್ವಾರದ ಮೇಲೆ ಎದ್ದು ನಿಂತಿರುವುದು ಟೊರ್ರೆ ಆಕ್ವಿಲಾ, ಅಂದರೆ ಹದ್ದಿನ ಗೋಪುರ. ಎತ್ತರ 31 ಮೀಟರ್. ಅದರೊಳಗಿನ ಒಂದು ಕೋಣೆಯ ಗೋಡೆಗಳ ಮೇಲೆ ಸುಮಾರು 1400ರ ಹೊತ್ತಿಗೆ ಬರೆದ ಚಿತ್ರಗಳಿವೆ. ವರ್ಷದ ತಿಂಗಳುಗಳಲ್ಲಿ ಶ್ರೀಮಂತರು ಹೇಗೆ ಕಾಲ ಕಳೆಯುತ್ತಿದ್ದರು, ರೈತರು ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಅಲ್ಲಿ ತಿಂಗಳಿಗೊಂದರಂತೆ ಚಿತ್ರಿಸಿದ್ದಾರೆ. ಜನವರಿಯಲ್ಲಿ ಗಂಡಸರು ಹೆಂಗಸರು ಹಿಮದ ಉಂಡೆ ಎಸೆದಾಡುತ್ತಿದ್ದಾರೆ. ಮಾರ್ಚ್ ತಿಂಗಳ ಚಿತ್ರ ಉಳಿದಿಲ್ಲ, ಮಿಕ್ಕ ಹನ್ನೊಂದು ಉಳಿದಿವೆ.

ಗೋಪುರದ ಹತ್ತಿರದಲ್ಲಿ ರಸ್ತೆಗಾಗಿ ಸುರಂಗ ಕೊರೆಯುವ ಯೋಜನೆ ಬಂದಾಗ ಪ್ರಶ್ನೆಯೊಂದು ಎದ್ದಿತು. ಸುರಂಗದ ಕೆಲಸದಿಂದ ನೆಲ ಸ್ವಲ್ಪ ಕುಸಿದರೆ, ಯಂತ್ರಗಳ ಕಂಪನ ಗೋಡೆಗೆ ತಟ್ಟಿದರೆ, 600 ವರ್ಷ ಹಳೆಯ ಗಾರೆಯ ಮೇಲಿನ ಬಣ್ಣ ಉಳಿದೀತೆ? ಟ್ರೆಂಟೊ ವಿಶ್ವವಿದ್ಯಾಲಯದ ತಂಡ ಮತ್ತು ಅದರ ಸಹಯೋಗಿಗಳು ಗೋಪುರದೊಳಗೆ ವೈರ್‌ಲೆಸ್ ಸೆನ್ಸರ್‌ಗಳ ಜಾಲವನ್ನು ಅಳವಡಿಸಿದರು. ಕೆಲವು ಕಂಪನವನ್ನು, ಕೆಲವು ಗೋಡೆಯ ಹಿಗ್ಗು-ಕುಗ್ಗನ್ನು, ಇನ್ನು ಕೆಲವು ಉಷ್ಣತೆಯನ್ನು ಅಳೆಯುತ್ತಿದ್ದವು. ನಾಲ್ಕು ತಿಂಗಳ ಅನುಭವವನ್ನು ಅವರು 2009ರಲ್ಲಿ ಪ್ರಕಟಿಸಿದರು. ದಾರಿಯಲ್ಲಿ ಕಳೆದುಹೋದ ಮಾಹಿತಿ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಬ್ಯಾಟರಿಗಳು ಒಂದು ವರ್ಷಕ್ಕೂ ಹೆಚ್ಚು ಬಾಳುತ್ತವೆ ಎಂಬ ಅಂದಾಜೂ ಸಿಕ್ಕಿತು.

ಈ ಕೆಲಸದ ಒಂದು ಪಾಠ ಎಲ್ಲೆಡೆಗೂ ಅನ್ವಯಿಸುತ್ತದೆ. ಅಳತೆ ಶುರುವಾಗಬೇಕಾದ್ದು ಕೆಲಸ ಶುರುವಾದ ಮೇಲಲ್ಲ, ಅದಕ್ಕೂ ಮುಂಚೆ. ಗೋಪುರ ತನ್ನಷ್ಟಕ್ಕೆ ತಾನು ಇದ್ದಾಗ ಎಷ್ಟು ಅಲುಗುತ್ತದೆ, ಚಳಿಗೆ ಎಷ್ಟು ಕುಗ್ಗುತ್ತದೆ ಎಂಬುದು ಗೊತ್ತಿಲ್ಲದಿದ್ದರೆ, ಆಮೇಲೆ ಕಾಣುವ ಬದಲಾವಣೆಗೆ ಸುರಂಗ ಕಾರಣವೋ ಚಳಿಗಾಲ ಕಾರಣವೋ ಎಂದು ಹೇಳುವುದು ಅಸಾಧ್ಯ. ಆಗ ಬಿರುಕು ನಿಮ್ಮಿಂದ ಬಂತು ಎಂದು ಒಬ್ಬರು, ಮೊದಲೇ ಇತ್ತು ಎಂದು ಇನ್ನೊಬ್ಬರು ವಾದ ಮಾಡುತ್ತಾ ಕೂರಬೇಕಾಗುತ್ತದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಮೆಟ್ರೊದ ನೆಲದಡಿಯ ನಿಲ್ದಾಣ ಹಳೆಯ ಕೋಟೆಯ ಪಕ್ಕದಲ್ಲೇ ಇರುವುದನ್ನು ನೆನೆದರೆ, ಇದು ದೂರದ ಊರಿನ ಪ್ರಶ್ನೆ ಮಾತ್ರವಲ್ಲ ಎಂಬುದು ಗೊತ್ತಾಗುತ್ತದೆ.

ಪೆಟ್ಟಿಗೆಯೊಳಗೆ ಏನಿರುತ್ತದೆ?

ಇಂಥ ಪೆಟ್ಟಿಗೆಯೊಂದನ್ನು ತಜ್ಞರು ‘ನೋಡ್’ ಎನ್ನುತ್ತಾರೆ. ಒಳಗಿರುವುದು ನಾಲ್ಕೇ ಭಾಗ. ಅಳೆಯುವುದಕ್ಕೆ ಸೆನ್ಸರ್ ಅಥವಾ ಸಂವೇದಕ, ಲೆಕ್ಕ ಇಡುವುದಕ್ಕೆ ಒಂದು ಪುಟ್ಟ ಕಂಪ್ಯೂಟರ್ ಚಿಪ್, ಸುದ್ದಿ ಕಳಿಸುವುದಕ್ಕೆ ರೇಡಿಯೋ, ಇವೆಲ್ಲವನ್ನೂ ನಡೆಸುವುದಕ್ಕೆ ಬ್ಯಾಟರಿ. ಇವುಗಳಲ್ಲಿ ಅತಿ ಹೆಚ್ಚು ಹಸಿವಿರುವುದು ಸಾಮಾನ್ಯವಾಗಿ ರೇಡಿಯೋಗೆ. ಸುದ್ದಿ ಕಳಿಸುವುದಕ್ಕೆ ಮಾತ್ರವಲ್ಲ, ‘ಯಾರಾದರೂ ಕರೆಯುತ್ತಾರೇನೋ’ ಎಂದು ಕಿವಿಗೊಟ್ಟು ಕೂರುವುದಕ್ಕೂ ಅದಕ್ಕೆ ಅಷ್ಟೇ ಶಕ್ತಿ ಬೇಕು.

ಇಂಥ ರೇಡಿಯೋ ಎಚ್ಚರವಿದ್ದಾಗ ಸುಮಾರು 20 ಮಿಲಿಆಂಪಿಯರ್ ವಿದ್ಯುತ್ ಎಳೆಯುತ್ತದೆ ಎಂದುಕೊಳ್ಳೋಣ. ಟಿವಿ ರಿಮೋಟಿನಂಥ ಬ್ಯಾಟರಿಯಲ್ಲಿರುವ ಶಕ್ತಿ 2000 ಮಿಲಿಆಂಪಿಯರ್-ಗಂಟೆ ಎಂದರೆ, ರೇಡಿಯೋ ಸದಾ ಎಚ್ಚರವಿದ್ದರೆ ಬ್ಯಾಟರಿ 100 ಗಂಟೆಯಲ್ಲಿ ಖಾಲಿ. ಅಂದರೆ ನಾಲ್ಕು ದಿನ. ಅದೇ ರೇಡಿಯೋ ನೂರು ಕ್ಷಣಗಳಲ್ಲಿ ಒಂದು ಕ್ಷಣ ಮಾತ್ರ ಎದ್ದು, ಮಿಕ್ಕ 99 ಕ್ಷಣ ಮಲಗಿದರೆ? ಹತ್ತಿರ ಹತ್ತಿರ 400 ದಿನ. ಆದ್ದರಿಂದ ವೈರ್‌ಲೆಸ್ ಸೆನ್ಸರ್‌ನ ದೊಡ್ಡ ಜಾಣತನ ಇರುವುದು ನಿದ್ದೆ ಮಾಡುವುದರಲ್ಲಿ. ಎಲ್ಲ ಪೆಟ್ಟಿಗೆಗಳೂ ಒಪ್ಪಂದ ಮಾಡಿಕೊಂಡಂತೆ ಒಂದೇ ಹೊತ್ತಿಗೆ ಎದ್ದು, ಸುದ್ದಿ ಹಂಚಿಕೊಂಡು ಮತ್ತೆ ಮಲಗಬೇಕು.

ಇನ್ನು ಗೋಡೆಗಳ ವಿಷಯ. ಒಂದೆರಡು ಮೀಟರ್ ದಪ್ಪದ ಕಲ್ಲಿನ ಗೋಡೆಯನ್ನು ದಾಟಲು ರೇಡಿಯೋ ಅಲೆಗಳು ಒದ್ದಾಡುತ್ತವೆ. ತೇವ ಹೀರಿದ ಗೋಡೆಯಾದರೆ ಇನ್ನೂ ಕಷ್ಟ. ಹಾಗಾಗಿ ಮೇಲಿನ ಅಂತಸ್ತಿನ ಪೆಟ್ಟಿಗೆ ತನ್ನ ಸುದ್ದಿಯನ್ನು ಮೆಟ್ಟಿಲ ಬಳಿಯ ಪೆಟ್ಟಿಗೆಗೆ ಕೊಡುತ್ತದೆ, ಅದು ಕೆಳಗಿನದಕ್ಕೆ, ಕೊನೆಗೆ ಕಂಪ್ಯೂಟರಿಗೆ. ಬೆಂಕಿ ನಂದಿಸುವಾಗ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿದಂತೆ. ಸಾಲಿನಲ್ಲಿ ಒಬ್ಬರು ಸುಸ್ತಾದರೆ ಪಕ್ಕದವರು ಜಾಗ ತುಂಬುವಂತೆ, ಒಂದು ಪೆಟ್ಟಿಗೆ ಕೆಟ್ಟರೆ ಸುದ್ದಿ ಬೇರೆ ದಾರಿ ಹುಡುಕಿಕೊಳ್ಳುವ ಹಾಗೆ ಈ ಜಾಲವನ್ನು ರೂಪಿಸುತ್ತಾರೆ.

ಅಳತೆಗಳಲ್ಲೂ ಭೇದವಿದೆ. ಉಷ್ಣತೆಯನ್ನು ಹತ್ತು ನಿಮಿಷಕ್ಕೊಮ್ಮೆ ನೋಡಿದರೆ ಸಾಕು. ಪ್ರತಿ ಅಳತೆಗೆ 2 ಬೈಟ್‌ನಂತೆ ದಿನಕ್ಕೆ 288 ಬೈಟ್. ಕಂಪನವಾದರೆ ಸೆಕೆಂಡಿಗೆ 200 ಸಲ, ಮೂರು ದಿಕ್ಕಿನಲ್ಲಿ ಅಳೆಯಬೇಕಾಗಬಹುದು. ಅರ್ಧ ನಿಮಿಷದ ಕಂಪನ ಎಂದರೆ 36,000 ಬೈಟ್. ಉಷ್ಣತೆಯ 125 ದಿನಗಳ ದಾಖಲೆಗೆ ಅದು ಸಮ. ಇಷ್ಟನ್ನೆಲ್ಲ ಸಣ್ಣ ಬ್ಯಾಟರಿಯ ರೇಡಿಯೋ ಮೂಲಕ ಒಂದಕ್ಷರ ಬಿಡದೆ ಕಳಿಸಬೇಕು. ಬೇರೆ ಬೇರೆ ಅಂತಸ್ತಿನ ಪೆಟ್ಟಿಗೆಗಳ ಗಡಿಯಾರಗಳೂ ಒಂದಕ್ಕೊಂದು ತಾಳೆಯಾಗಬೇಕು. ತಾಳ ತಪ್ಪಿದ ಮೇಳದಂತೆ ಒಂದೊಂದು ಒಂದೊಂದು ಹೊತ್ತು ತೋರಿಸಿದರೆ, ಗೋಪುರ ಯಾವ ಕಡೆಗೆ ಹೇಗೆ ತೂಗಿತು ಎಂಬ ಚಿತ್ರವೇ ಸಿಗುವುದಿಲ್ಲ.

ಗೋಪುರಕ್ಕೂ ಒಂದು ಶ್ರುತಿ

ಕಂಪನಕ್ಕೆ ಇಷ್ಟೊಂದು ಮಹತ್ವ ಏಕೆ? ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ, ಅದೇ ತತ್ವ. ಗಟ್ಟಿ ಮಡಕೆಯ ನಾದ ಬೇರೆ, ಸೀಳಿದ ಮಡಕೆಯ ಸದ್ದು ಬೇರೆ. ಪ್ರತಿ ಕಟ್ಟಡಕ್ಕೂ ತನ್ನದೇ ಆದ ತೂಗುವ ಲಯ ಇರುತ್ತದೆ. ಗಾಳಿ ಬೀಸಿದಾಗ, ರಸ್ತೆಯಲ್ಲಿ ಲಾರಿ ಹೋದಾಗ, ಗಂಟೆ ಬಾರಿಸಿದಾಗ ಅದು ಆ ಲಯದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಅಲುಗುತ್ತದೆ. ಒಳಗೆ ಬಿರುಕು ಬಿಟ್ಟು ಬಿಗಿ ಕಡಿಮೆಯಾದರೆ ಲಯ ನಿಧಾನವಾಗುತ್ತದೆ, ಸಡಿಲವಾದ ವೀಣೆಯ ತಂತಿಯ ಶ್ರುತಿ ಇಳಿದಂತೆ.

ಇಟಲಿಯ ಪೆರೂಜಾ ನಗರದಲ್ಲಿ ಸಂತ ಪಿಯೆತ್ರೊ ಚರ್ಚಿನ ಗಂಟೆಗೋಪುರ 60 ಮೀಟರಿಗಿಂತ ಎತ್ತರವಾಗಿದೆ. ಅದು ಸೆಕೆಂಡಿಗೆ ಸುಮಾರು ಒಂದೂವರೆ ಸಲ ತೂಗುತ್ತದೆ. 2014ರ ಕೊನೆಯಿಂದ ಅಲ್ಲಿ ಸೂಕ್ಷ್ಮ ಕಂಪನಮಾಪಕಗಳನ್ನಿಟ್ಟು ದಾಖಲೆ ಮಾಡುತ್ತಿದ್ದರು. 2016ರಲ್ಲಿ ಮಧ್ಯ ಇಟಲಿಯಲ್ಲಿ ಸರಣಿ ಭೂಕಂಪಗಳಾದವು. ಅವುಗಳ ಕೇಂದ್ರ ಪೆರೂಜಾದಿಂದ ಬಹಳ ದೂರವಿತ್ತು. ಆದರೂ ಭೂಕಂಪದ ನಂತರ ಗೋಪುರದ ಲಯ ಅತಿ ಸಣ್ಣ ಪ್ರಮಾಣದಲ್ಲಿ ಕುಗ್ಗಿ, ಹಾಗೆಯೇ ಉಳಿದದ್ದು ದಾಖಲೆಯಲ್ಲಿ ಕಂಡಿತು. ಒಳಗೆಲ್ಲೋ ಸಣ್ಣ ಹಾನಿಯಾಗಿದೆ ಎಂಬ ಸೂಚನೆ ಅದು.

ಇಲ್ಲಿಯೂ ಹಳೆಯ ತೊಡಕು ಬಿಡುವುದಿಲ್ಲ. ಲಯವೂ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಬಿಸಿಯಾದಾಗ ಸಣ್ಣ ಬಿರುಕುಗಳು ಮುಚ್ಚಿಕೊಂಡು ಗೋಪುರ ಬಿಗಿಯಾಗುತ್ತದೆ, ಲಯ ಏರುತ್ತದೆ. ಋತುವಿನಿಂದಾಗುವ ಈ ಏರಿಳಿತ ಹಾನಿಯಿಂದಾಗುವ ಬದಲಾವಣೆಗಿಂತ ದೊಡ್ಡದಿರಬಹುದು. ಪೆರೂಜಾದವರಿಗೆ ಸಣ್ಣ ಇಳಿಕೆ ಗೊತ್ತಾದದ್ದು, ಭೂಕಂಪಕ್ಕೆ ಮುಂಚೆ ಒಂದು ವರ್ಷಕ್ಕೂ ಹೆಚ್ಚು ಕಾಲದ ಬಿಸಿಲು-ಚಳಿಗಳ ದಾಖಲೆ ಅವರ ಬಳಿ ಇದ್ದುದರಿಂದ. ಉಷ್ಣತೆಯ ಪಾಲನ್ನು ಲೆಕ್ಕದಿಂದ ಕಳೆದ ಮೇಲೆ ಉಳಿದದ್ದೇ ಕಟ್ಟಡದ ನಿಜವಾದ ಸುದ್ದಿ.

ಉಸಿರಿನಿಂದಲೂ ಹಾನಿ

ಅಪಾಯ ಕುಸಿತವೊಂದೇ ಅಲ್ಲ. ಗೋಡೆಯ ಚಿತ್ರಗಳಿಗೆ ದೊಡ್ಡ ಶತ್ರು ತೇವ ಮತ್ತು ಉಪ್ಪು. ನೆಲದಿಂದ ಮೇಲೇರುವ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಗಾಳಿ ಒಣಗಿದಾಗ ಅವು ಗಾರೆಯೊಳಗೇ ಹರಳುಗಟ್ಟಿ, ಬಣ್ಣದ ಪದರವನ್ನು ಒಳಗಿನಿಂದ ದೂಡುತ್ತವೆ. ಹಳೆಯ ಮನೆಯ ಗೋಡೆಯ ಬುಡದಲ್ಲಿ ಸುಣ್ಣ ಹಪ್ಪಳದಂತೆ ಏಳುವುದೂ ಬಹುಪಾಲು ಇದರಿಂದಲೇ. ಇಲ್ಲಿ ಕೆಡುಕು ಮಾಡುವುದು ತೇವ ಹೆಚ್ಚಿರುವುದಕ್ಕಿಂತ ಅದು ಪದೇ ಪದೇ ಏರಿಳಿಯುವುದು.

ನೋಡಲು ಬರುವ ಜನರೂ ಇದಕ್ಕೆ ಕಾರಣರಾಗುತ್ತಾರೆ. ಪ್ರತಿಯೊಬ್ಬರ ಉಸಿರು, ಬೆವರು, ಮಳೆಯಲ್ಲಿ ನೆಂದ ಬಟ್ಟೆ ಎಲ್ಲವೂ ಕೋಣೆಯ ಗಾಳಿಗೆ ತೇವ ಸೇರಿಸುತ್ತವೆ. ಇಟಲಿಯ ಪಾದುವಾದಲ್ಲಿ ಜೊತ್ತೊ ಚಿತ್ರಿಸಿದ ಸ್ಕ್ರೊವೆನ್ಯಿ ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾ ಮಂದಿರವಿದೆ. ಅಲ್ಲಿಗೆ ಒಂದು ಸಲಕ್ಕೆ ಇಂತಿಷ್ಟೇ ಜನರನ್ನು ಬಿಡುತ್ತಾರೆ. ಒಳಹೋಗುವ ಮುನ್ನ ಗಾಜಿನ ಕೋಣೆಯಲ್ಲಿ ಸುಮಾರು 15 ನಿಮಿಷ ಕೂರಬೇಕು. ಒಳಗಿನ ಗಾಳಿ ಹೊರಗಿನ ಗಾಳಿಯೊಂದಿಗೆ ನೇರವಾಗಿ ಬೆರೆಯದಿರಲಿ ಎಂಬುದು ಉದ್ದೇಶ. ಇಂಥ ನಿಯಮವನ್ನು ಊಹೆಯ ಮೇಲೆ ಮಾಡಲಾಗುವುದಿಲ್ಲ. ಎಷ್ಟು ಜನ ಬಂದರೆ ತೇವ ಎಷ್ಟು ಏರುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು ಎಂಬ ಅಳತೆ ಬೇಕು. ಕೋಣೆಯ ಮೂಲೆ ಮೂಲೆಯಲ್ಲಿ ಇಡಬಹುದಾದ ವೈರ್‌ಲೆಸ್ ಸೆನ್ಸರ್‌ಗಳು ಅತಿ ಸುಲಭವಾಗಿ ಒದಗಿಬರುವುದು ಇಂಥ ಕಡೆ.

ಕೆಲವು ತಪ್ಪು ಕಲ್ಪನೆಗಳು

‘ಈ ರೇಡಿಯೋ ಅಲೆಗಳಿಂದ ಚಿತ್ರಗಳಿಗೆ ಹಾನಿಯಾಗುವುದಿಲ್ಲವೇ?’ ಇಲ್ಲ. ಇಂಥ ಪೆಟ್ಟಿಗೆಯೊಂದು ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ಮಿಲಿವ್ಯಾಟಿನ ಆಸುಪಾಸು, ಅದೂ ಎಚ್ಚರವಿರುವ ಕ್ಷಣಗಳಲ್ಲಿ ಮಾತ್ರ. ನೋಡಲು ಬರುವವರ ಜೇಬಿನಲ್ಲಿರುವ ಮೊಬೈಲ್ ಫೋನ್ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊರಸೂಸಬಲ್ಲದು. ಚಿಂತಿಸಬೇಕಾದ್ದು ಪೆಟ್ಟಿಗೆಯನ್ನು ಗೋಡೆಗೆ ಹೇಗೆ ಅಂಟಿಸುತ್ತಾರೆ ಎಂಬುದರ ಬಗ್ಗೆ. ತಪ್ಪು ಅಂಟು ಬಳಸಿದರೆ, ತೆಗೆಯುವಾಗ ಗಾರೆಯೂ ಕಿತ್ತು ಬರಬಹುದು.

‘ಸೆನ್ಸರ್ ಹಾಕಿದರೆ ಕಟ್ಟಡ ಸುರಕ್ಷಿತ.’ ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಥರ್ಮಾಮೀಟರ್ ಜ್ವರ ಇಳಿಸುವುದಿಲ್ಲ. ಸೆನ್ಸರ್ ಒಂದು ಇಟ್ಟಿಗೆಯನ್ನೂ ಹಿಡಿದು ನಿಲ್ಲಿಸುವುದಿಲ್ಲ. ಅದು ಹೇಳಿದ್ದನ್ನು ಓದಿ, ಅರ್ಥ ಮಾಡಿಕೊಂಡು, ಗಾರೆ ತುಂಬಿಸುವ, ಆಸರೆ ಕೊಡುವ, ಅಗತ್ಯ ಬಿದ್ದರೆ ಬಾಗಿಲು ಮುಚ್ಚುವ ತೀರ್ಮಾನ ಮಾಡುವವರು ಬೇಕು. ಪೀಸಾದಲ್ಲಿ ಆ ರಾತ್ರಿ ಉಪಕರಣದ ಜೊತೆಗೆ ಅದನ್ನು ನೋಡುತ್ತಿದ್ದವರೂ ಇದ್ದರು.

‘ಹೆಚ್ಚು ಸೆನ್ಸರ್ ಇದ್ದಷ್ಟೂ ಒಳ್ಳೆಯದು.’ ಹಾಗೇನಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು ಮೊದಲು ಸ್ಪಷ್ಟವಾಗಬೇಕು. ಬಿರುಕು ಬೆಳೆಯುತ್ತಿದೆಯೇ ಎಂಬುದಷ್ಟೇ ಪ್ರಶ್ನೆಯಾದರೆ, ಬಿರುಕಿನ ಮೇಲೆ ಒಂದು ಅಳತೆಗಾರ, ಪಕ್ಕದಲ್ಲಿ ಒಂದು ಉಷ್ಣತಾಮಾಪಕ ಸಾಕಾಗಬಹುದು. ಉಷ್ಣತಾಮಾಪಕ ಇಲ್ಲದ ಹತ್ತು ಬಿರುಕುಮಾಪಕಗಳಿಗಿಂತ ಈ ಜೋಡಿಯೇ ಮೇಲು.

‘ಒಮ್ಮೆ ಹಾಕಿದರೆ ಆಯಿತು.’ ಬ್ಯಾಟರಿ ಬದಲಿಸಬೇಕು. ಸೆನ್ಸರ್‌ಗಳಿಗೂ ವಯಸ್ಸಾಗುತ್ತದೆ, ಅವುಗಳ ಅಳತೆ ನಿಧಾನವಾಗಿ ದಾರಿ ತಪ್ಪುತ್ತದೆ. ಗೋಡೆ ಸರಿಯಿತೋ, ಸೆನ್ಸರ್ ಸುಳ್ಳು ಹೇಳಿತೋ ಎಂದು ಆಗಾಗ ಕೈಯಳತೆಯಿಂದ ತಾಳೆ ನೋಡಬೇಕು. ಪದೇ ಪದೇ ಸುಳ್ಳು ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಜನ ಕೊನೆಗೆ ಕಡೆಗಣಿಸುತ್ತಾರೆ, ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆಯಂತೆ. ಕಟ್ಟಡದ ಬದಲಾವಣೆಗಳು ದಶಕಗಳ ಮೇಲೆ ಹರಡಿರುವಾಗ, ಇವತ್ತಿನ ಅಂಕಿಅಂಶ ಮೂವತ್ತು ವರ್ಷದ ನಂತರವೂ ತೆರೆದು ಓದುವಂತೆ ಇರಬೇಕು. ಪೀಸಾಕ್ಕೆ ನೆರವಾದ ದಾಖಲೆ ಶುರುವಾದದ್ದು ಅದು ಬೇಕಾಗುವುದಕ್ಕೆ ಸುಮಾರು 80 ವರ್ಷ ಮೊದಲು.

ಕೊನೆಗೆ ಬೇಕಾದ್ದು

ಹೀಗೆ ನೋಡಿದರೆ ವೈರ್‌ಲೆಸ್ ಸೆನ್ಸರ್‌ಗಳ ದೊಡ್ಡ ಉಪಕಾರ ಅವು ಹೊಸದಾಗಿ ಏನನ್ನೋ ಕಂಡುಹಿಡಿಯುತ್ತವೆ ಎಂಬುದಲ್ಲ. ತಾಳ್ಮೆಯಿಂದ ಅಳೆಯುವ ಹಳೆಯ ಕೆಲಸವನ್ನು ಅವು ಅಗ್ಗವಾಗಿ, ಗೋಡೆಗೆ ಗಾಯ ಮಾಡದೆ, ಹಗಲು ರಾತ್ರಿ ಬಿಡದೆ ಮಾಡುತ್ತವೆ. ದೊಡ್ಡ ಹೆಸರಿಲ್ಲದ, ದೊಡ್ಡ ಅನುದಾನವಿಲ್ಲದ ಹಳೆಯ ಕಟ್ಟಡಗಳಿಗೂ ಇದು ಕೈಗೆಟುಕಬಹುದು ಎಂಬುದು ಅವುಗಳಿಂದ ಹುಟ್ಟಿದ ಭರವಸೆ.

ಬಿಸಿಲಿಗೆ ಮುಚ್ಚಿ ಚಳಿಗೆ ತೆರೆಯುವ ಬಿರುಕು ಭಯಪಡಬೇಕಾದ್ದಲ್ಲ. ಪ್ರತಿ ಚಳಿಗಾಲಕ್ಕೂ ಹಿಂದಿನ ಚಳಿಗಾಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು ತೆರೆಯುವ ಬಿರುಕಿನ ಬಗ್ಗೆ ಮಾತ್ರ ಎಚ್ಚರ ಬೇಕು. ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವುದು ಅಳತೆಯಿಂದ. ಅದನ್ನು ತಿಳಿದು ಸಕಾಲಕ್ಕೆ ಏಣಿ ಹತ್ತಬೇಕಾದವರು ಮನುಷ್ಯರೇ. ಮುಂದಿನ ಸಲ ಹಳೆಯ ಗುಡಿಯೊಂದರ ಗೋಡೆಯಲ್ಲಿ ಬಿರುಕು ಕಂಡರೆ, ಅದರ ಪಕ್ಕದಲ್ಲಿ ಯಾರಾದರೂ ಗೆರೆ ಎಳೆದು ತಾರೀಕು ಬರೆದಿದ್ದಾರೆಯೇ ನೋಡಿ. ಬರೆದಿದ್ದರೆ, ಆ ಕಟ್ಟಡವನ್ನು ಯಾರೋ ಗಮನಿಸುತ್ತಿದ್ದಾರೆ ಎಂದರ್ಥ.